ಹಳೇ ಬಾರಿನ ಹ್ಯಾಪಿ ಅವರ್: ಏಳಕ್ಕಲ್ಲ, ನಾಲ್ಕಕ್ಕೆ ಹೋಗಿ

ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋದ ಮೇಲೆ ಆಫೀಸು ಬಿಡುವ ತನಕ ಯಾವ ಬಾರಿನಲ್ಲೂ ಜನಕ್ಕಿಂತ ಕುರ್ಚಿಗಳೇ ಜಾಸ್ತಿ. ಫ್ರಿಡ್ಜ್ ಓಡ್ತಿರುತ್ತೆ, ಸಪ್ಲೈಯರ್‌ಗಳ ಸಂಬಳ ಓಡ್ತಿರುತ್ತೆ, ವ್ಯಾಪಾರ ಮಾತ್ರ ನಿಂತಿರುತ್ತೆ. ಆ ಹೊತ್ತು ತುಂಬಿಸೋಕೆ ಮಾಲೀಕರು ಕೊಡುವ ರಿಯಾಯಿತಿ ರೇಟೇ ಹ್ಯಾಪಿ ಅವರ್. ಇದನ್ನು ಅರ್ಥ ಮಾಡಿಕೊಂಡವರು ಬೋರ್ಡಿನ ಮೇಲಿನ 1+1 (ಒಂದರ ಜೊತೆ ಒಂದು ಉಚಿತ) ನೋಡಿ ಕೊನೇ ಗಳಿಗೆಯಲ್ಲಿ ನುಗ್ಗೋದಿಲ್ಲ, ಬಾರು ಖಾಲಿ ಇರುವಾಗಲೇ ಹೋಗಿ ಕೂರ್ತಾರೆ.

ಬೆಂಗಳೂರಿನಲ್ಲಿ ಈ ಪದ್ಧತಿ ಜೋರಾಗಿ ಬೇರೂರಿದ್ದು 1980ರ ದಶಕದ ಕೊನೆಯಲ್ಲಿ, ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್, ರೆಸ್ಟ್ ಹೌಸ್ ರೋಡ್ ಸುತ್ತ ಪಬ್‌ಗಳು ಏಳುವಾಗ. ರೆಸ್ಟ್ ಹೌಸ್ ರೋಡಿನ ಪೆಕೋಸ್ ಶುರುವಾಗಿದ್ದು 1989ರಲ್ಲಿ. ಕಿರಿದಾದ ಮೆಟ್ಟಿಲು, ಹಳೇ ರಾಕ್ ಸಂಗೀತ, ಮಗ್‌ನಲ್ಲಿ ಬಿಯರು. ಆ ಕಾಲದ ಪಬ್ಬು ಹೇಗಿತ್ತು ಅಂತ ಕೇಳುವವರಿಗೆ ಇವತ್ತಿಗೂ ತೋರಿಸಬಹುದಾದ ಜಾಗ. ಬಡಾವಣೆಗಳ ಒಳಗಿರುವ ‘ಬಾರ್ ಅಂಡ್ ರೆಸ್ಟೋರೆಂಟ್’ಗಳು ಬೇರೆ ಜಾತಿ. ಅವುಗಳದು ಸಾಮಾನ್ಯವಾಗಿ ಸಿಎಲ್-9 ಲೈಸೆನ್ಸು: ಕೂತು ಕುಡಿಯಬಹುದು, ಊಟ ಇರಬೇಕು, ಬೆಲೆ ಎಂಆರ್‌ಪಿಗಿಂತ ಮೇಲೆ. ವೈನ್ ಶಾಪಿನ ಸಿಎಲ್-2ರಲ್ಲಿ ಬಾಟಲಿ ಕೊಂಡು ಹೊರಡಬೇಕು, ಕೌಂಟರಿನ ಮುಂದೆ ನಿಂತು ಮುಗಿಸುವಂತಿಲ್ಲ. ಎರಡು ಕಡೆಯ ರೇಟು ಹೋಲಿಸಿ ‘ಬಾರಲ್ಲಿ ಸುಲಿಗೆ’ ಅನ್ನೋದು ಅನ್ಯಾಯ. ಇನ್ನು ವಯಸ್ಸಿನ ವಿಷಯ: ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಕೊಡುವಂತಿಲ್ಲ.

ಹಳೇ ಬಾರಿಗೆ ಇರುವ ದೊಡ್ಡ ಲಾಭ ಡ್ರಾಫ್ಟ್ ಬಿಯರ್‌ನಲ್ಲಿ, ಅಂದ್ರೆ ನಲ್ಲಿಯಿಂದ (ಟ್ಯಾಪ್) ಹಿಡಿದು ಕೊಡುವ ಬಿಯರ್‌ನಲ್ಲಿ ಕಾಣುತ್ತೆ. ಹೊಸ ಜಾಗದಲ್ಲಿ ಹನ್ನೆರಡು ಟ್ಯಾಪ್ ಸಾಲಾಗಿ ಹೊಳೀತಿರುತ್ತವೆ, ಅದರಲ್ಲಿ ಎಂಟು ಟ್ಯಾಪ್ ಒಂದು ವಾರವಾದರೂ ಅಲ್ಲಾಡಿರಲ್ಲ. ಹಳೇ ಬಾರಿನಲ್ಲಿ ಒಂದೋ ಎರಡೋ ಟ್ಯಾಪ್, ಆದರೆ ಕೆಗ್ (ಬಿಯರಿನ ಪೀಪಾಯಿ) ಬೇಗ ಖಾಲಿಯಾಗ್ತಿರುತ್ತೆ. 30 ಲೀಟರಿನ ಕೆಗ್ ಅಂದ್ರೆ 330 ಮಿಲಿಯ ಸುಮಾರು ತೊಂಬತ್ತು ಮಗ್. ನಡೆಯುವ ಬಾರಿನಲ್ಲಿ ಅದು ಒಂದು ದಿನದ ಮಾತು. ಬಿಯರಿಗೆ ವಯಸ್ಸಾಗುವ ಮೊದಲೇ ಅದು ಮಗ್ ಸೇರಿರುತ್ತೆ.

ಆದರೂ ಬೇಗ ಹೋಗುವವರಿಗೆ ಒಂದು ಅಪಾಯ ಇದೆ: ದಿನದ ಮೊದಲ ಮಗ್. ಕೆಗ್ಗಿನಿಂದ ಟ್ಯಾಪಿನವರೆಗಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ಬಿಯರು ಬಿಸಿಯಾಗಿ, ಮುಗ್ಗು ಹಿಡಿದಂತಾಗಿರುತ್ತೆ. ಕೆಲಸ ಗೊತ್ತಿರುವವರು ಬೆಳಿಗ್ಗೆ ಒಂದೆರಡು ಮಗ್ ಚೆಲ್ಲಿಯೇ ಶುರು ಮಾಡ್ತಾರೆ. ನೀವು ಕೂರುವ ಹೊತ್ತಿಗೆ ಒಂದು ಟೇಬಲ್ಲಿನಲ್ಲೂ ಮಗ್ ಕಾಣದಿದ್ದರೆ ‘ಟ್ಯಾಪ್ ಓಪನ್ ಆಗಿದ್ಯಾ ಅಣ್ಣಾ?’ ಅಂತ ಕೇಳಿ. ಇನ್ನೂ ಇಲ್ಲ ಅಂದರೆ ಪಿಂಟ್ ಬಾಟಲಿ ತರಿಸಿ, ಇನ್ನೊಬ್ಬರ ಮಗ್ ಹೋಗೋದನ್ನು ಕಾಯಿರಿ.

ಮಗ್ ಬಂದ ಮೇಲೆ ನೋಡಬೇಕಾದ್ದು ಗಾಜನ್ನ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ಅಲ್ಲಿ ಎಣ್ಣೆ ಪಸೆಯೋ ಸೋಪೋ ಉಳಿದಿದೆ ಅಂತ ಅರ್ಥ. ಕಬಾಬ್ ತಟ್ಟೆ ತೊಳೆದ ನೀರಲ್ಲೇ ಮಗ್ಗನ್ನೂ ಅದ್ದಿ ತೆಗೆದರೆ ಆಗೋದೇ ಇದು. ಆ ಪಸೆ ನೊರೆಯನ್ನು ನಿಮಿಷದೊಳಗೆ ಕೊಂದುಬಿಡುತ್ತೆ, ಬಿಯರು ಸಪ್ಪೆಯಾಗುತ್ತೆ. ಶುಚಿಯಾದ ಮಗ್ಗಿನಲ್ಲಿ ನೊರೆ ಎರಡು ಬೆರಳು ನಿಲ್ಲುತ್ತೆ, ಒಂದೊಂದು ಗುಟುಕಿಗೂ ಗಾಜಿನ ಮೇಲೆ ಒಂದೊಂದು ಬಿಳಿ ಗೆರೆ ಬಿಟ್ಟು ಇಳಿಯುತ್ತೆ. ನೊರೆಯೇ ಅರ್ಧ ಮಗ್ ತುಂಬಿದ್ದರೆ ಕಾರಣ ಬೇರೆ: ಕೆಗ್ ಸಾಕಷ್ಟು ತಣ್ಣಗಿಲ್ಲ, ಅಥವಾ ಗ್ಯಾಸಿನ ಒತ್ತಡ ಜಾಸ್ತಿ, ಅಥವಾ ಕೆಗ್ ತಳ ಕಾಣ್ತಿದೆ. ಬಿಯರು 3-4 ಡಿಗ್ರಿಯಲ್ಲಿದ್ದರೆ ಒಳಗಿನ ಕಾರ್ಬನ್ ಡೈಆಕ್ಸೈಡ್ ತೆಪ್ಪಗಿರುತ್ತೆ. ಬಿಸಿಯಾದಷ್ಟೂ ಟ್ಯಾಪ್ ತೆರೆದ ಕೂಡಲೇ ಚಿಮ್ಮುತ್ತೆ. ‘ನೊರೆ ಇಳಿದ ಮೇಲೆ ತುಂಬಿಸಿ ಕೊಡಿ’ ಅಂತ ಕೇಳೋದಕ್ಕೆ ಸಂಕೋಚ ಬೇಡ. ಬೆಣ್ಣೆಯ ವಾಸನೆಯೋ ಹುಳಿಯೋ ಹೊಡೆದರೆ ಮಾತ್ರ ವಾಪಸ್ ಕೊಡಿ. ಪೈಪ್ ತೊಳೆದು ಎಷ್ಟೋ ದಿನ ಆಗಿರುತ್ತೆ, ಎರಡು ವಾರಕ್ಕೊಮ್ಮೆ ತೊಳೆಯಬೇಕಾದ ಪೈಪು ಅದು. ಎರಡನೇ ಮಗ್ಗೂ ಅದೇ ಪೈಪಿನಿಂದ ಬರೋದ್ರಿಂದ ಬಾಟಲಿಗೆ ಬದಲಾಯಿಸೋದೇ ಮೇಲು.

ಇನ್ನು 1+1ರ ಲೆಕ್ಕ. ಉದಾಹರಣೆಗೆ 330 ಮಿಲಿ ಮಗ್ಗಿಗೆ 200 ರೂಪಾಯಿ, ಒಂದರ ಜೊತೆ ಒಂದು ಉಚಿತ ಅಂದುಕೊಳ್ಳಿ. 660 ಮಿಲಿಗೆ 200, ಅಂದರೆ ಮಿಲಿಗೆ 30 ಪೈಸೆ. ಅದೇ ಮೆನುವಿನಲ್ಲಿ ಒಂದೂವರೆ ಲೀಟರ್ ಪಿಚರ್ (ದೊಡ್ಡ ಜಗ್) 700 ಇದ್ದರೆ ಮಿಲಿಗೆ 47 ಪೈಸೆ ಆಯ್ತು. ನಾಲ್ಕು ಜನ ಕೂತ ಕೂಡಲೇ ‘ಪಿಚರ್ ತನ್ನಿ’ ಅನ್ನೋ ಅಭ್ಯಾಸ ಹ್ಯಾಪಿ ಅವರ್‌ನಲ್ಲಿ ನಷ್ಟದ ಬಾಬತ್ತು. ಪಿಚರಿಗೂ ಬೇರೆ ರಿಯಾಯಿತಿ ಇದ್ದರಷ್ಟೇ ಯೋಚಿಸಿ.

ಷರತ್ತುಗಳನ್ನ ಕೂರುವ ಮೊದಲೇ ಕೇಳಿಕೊಳ್ಳಿ. ಯಾವ ಬ್ರ್ಯಾಂಡಿಗೆ ಅನ್ವಯ? ಎಸಿ ಸೆಕ್ಷನ್ನಿನಲ್ಲೂ ಉಂಟಾ, ಅಥವಾ ಕೆಳಗೆ ಮಾತ್ರವಾ? ಉಚಿತದ ಎರಡನೆಯದನ್ನ ಆಮೇಲೆ ಕೊಡ್ತೀರಾ, ಒಟ್ಟಿಗೇ ತಂದಿಡ್ತೀರಾ? ಹೆಚ್ಚಿನ ಕಡೆ ಒಟ್ಟಿಗೇ ತಂದಿಡ್ತಾರೆ, ಅವರ ಲೆಕ್ಕ ಅಲ್ಲಿಗೆ ಮುಗೀತು. ನಿಮ್ಮ ಎರಡನೇ ಮಗ್ ಮಾತ್ರ ಟೇಬಲ್ ಮೇಲೆ ಬಿಸಿಯಾಗ್ತಾ ಕೂತಿರುತ್ತೆ. ಇಬ್ಬರು ಹೋದರೆ ಪರಿಹಾರ ಸುಲಭ: ಒಂದೇ ಆರ್ಡರ್, ಆಳಿಗೊಂದು ಮಗ್, ಮುಗಿದ ಮೇಲೆ ಮತ್ತೊಂದು ಆರ್ಡರ್. ಸಮಯದ ಜಗಳವೂ ಸಾಮಾನ್ಯ. ಏಳಕ್ಕೆ ಮುಗಿಯುವ ಹ್ಯಾಪಿ ಅವರ್‌ನಲ್ಲಿ ನೀವು ಹೇಳಿದ್ದು 6:55ಕ್ಕೆ ಆದರೂ ಸಪ್ಲೈಯರ್ ಯಂತ್ರದಲ್ಲಿ ಒತ್ತಿದ್ದು 7:02ಕ್ಕೆ ಅಂದರೆ ಪೂರ್ತಿ ರೇಟು ಬೀಳುತ್ತೆ. ಆರ್ಡರ್ ಚೀಟಿಯ ಮೇಲೆ ಅಚ್ಚಾದ ಹೊತ್ತೇ ಪ್ರಮಾಣ. ಕೊನೇ ಆರ್ಡರನ್ನ ಕಾಲು ಗಂಟೆ ಮೊದಲೇ ಹೇಳಿಬಿಡಿ. ಗಡಿಯಾರ ನೋಡಿಕೊಂಡು ಗಟಗಟ ಇಳಿಸೋದು ಈ ಪದ್ಧತಿಯ ಹುಟ್ಟುಗುಣ. ಅದಕ್ಕೇ ಐರ್ಲೆಂಡ್ 2003ರಲ್ಲಿ ಹ್ಯಾಪಿ ಅವರ್ ಅನ್ನೇ ಕಾನೂನು ಮಾಡಿ ನಿಲ್ಲಿಸಿತು.

ಹಾಟ್ ಡ್ರಿಂಕ್ಸ್ (ವಿಸ್ಕಿ, ರಮ್ ಥರದ್ದು) ಕುಡಿಯುವವರಿಗೆ ಲೆಕ್ಕ ಇನ್ನೊಂದು ಥರ. ಸ್ಮಾಲ್ 30 ಮಿಲಿ, ಲಾರ್ಜ್ 60, ಆಮೇಲೆ ನೈಂಟಿ, ಕ್ವಾರ್ಟರ್ 180. ಬಡಾವಣೆಯ ಬಾರಿನಲ್ಲಿ ಸೀಲ್ ಇರುವ ಕ್ವಾರ್ಟರನ್ನೇ ಟೇಬಲ್ಲಿಗೆ ತರಿಸೋದು ಒಳ್ಳೇದು. ಅಳತೆಯ ಅನುಮಾನವೂ ಇಲ್ಲ, ಬ್ರ್ಯಾಂಡಿನ ಅನುಮಾನವೂ ಇಲ್ಲ, ಇಬ್ಬರು ಸೇರಿ ಒಂದೂವರೆ ಲಾರ್ಜಿನಂತೆ ಹಂಚಿಕೊಳ್ಳಬಹುದು. ಲೂಸ್ ಪೆಗ್ ತಗೊಂಡರೆ ಅಳತೆ ಕಪ್ಪಿನಲ್ಲಿ ಕಣ್ಣೆದುರೇ ಸುರಿಯಲಿ. ಐಸ್ ತುಂಬಿದ ಗ್ಲಾಸಿನಲ್ಲಿ ಬಂದ 60ನ್ನು ಯಾರೂ ಅಳೆಯಲಾರರು.

ಎಷ್ಟು ಏರುತ್ತೆ ಅನ್ನೋದರಲ್ಲಿ ಜನ ಬಹಳ ಮೋಸ ಹೋಗ್ತಾರೆ. 5% ಮೈಲ್ಡ್ ಬಿಯರಿನ ಒಂದು ಮಗ್ಗಿನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್. 42.8%ನ ಒಂದು ಲಾರ್ಜ್ ವಿಸ್ಕಿಯಲ್ಲಿ 20 ಗ್ರಾಂ. 8%ನ 650 ಮಿಲಿ ಸ್ಟ್ರಾಂಗ್ ಬಾಟಲಿಯಲ್ಲಿ 41! ‘ಬಿಯರ್ ತಾನೇ’ ಅಂತ ಒಂದು ಸ್ಟ್ರಾಂಗ್ ಇಳಿಸಿದವರು ಎರಡು ಲಾರ್ಜ್ ಹಾಕಿದ್ದಾರೆ. ಲಿವರ್ ಕರಗಿಸೋದು ಗಂಟೆಗೆ ಹತ್ತು ಗ್ರಾಮಿನ ಆಸುಪಾಸು, ನಿಂಬೆಹಣ್ಣಿಗೂ ಕಾಫಿಗೂ ಅದು ಬಗ್ಗಲ್ಲ.

ನೆಂಚಿಕೊಳ್ಳೋಕೆ ಬರುವ ಉಚಿತದ ತಟ್ಟೆ, ಬೇಯಿಸಿದ ಕಡ್ಲೆಯೋ ಸೌತೆಕಾಯಿಯೋ ಖಾರದ ಮಿಕ್ಸ್ಚರೋ, ಹೊಟ್ಟೆ ತುಂಬಿಸೋಕಲ್ಲ. ಅದರ ಉಪ್ಪು ಇನ್ನೊಂದು ಮಗ್ ಹೇಳಿಸೋಕೆ. ಖಾಲಿ ಹೊಟ್ಟೆಯಲ್ಲಿ ಅದನ್ನೇ ನಂಬಬೇಡಿ. ನಾಲ್ಕು ಗಂಟೆಯ ಗಿರಾಕಿಗೆ ಅಡುಗೆಮನೆಯಲ್ಲೂ ಲಾಭ ಇದೆ. ಬಾಣಲೆಯ ಎಣ್ಣೆ ರಾತ್ರಿಯಷ್ಟು ಕಪ್ಪಾಗಿರಲ್ಲ, ಭಟ್ಟರಿಗೂ ಬಿಡುವಿರುತ್ತೆ. ಕಬಾಬನ್ನ ಮೊದಲೇ ಅರ್ಧ ಕರಿದಿಟ್ಟು ಆರ್ಡರ್ ಬಂದಾಗ ಇನ್ನೊಮ್ಮೆ ಬಿಡೋದು ಬಾರಿನ ರೂಢಿ. ಮಧ್ಯಾಹ್ನ ಕರಿದಿಟ್ಟದ್ದು ರಾತ್ರಿ ಒಂಬತ್ತಕ್ಕೆ ನಾರಾಗಿರುತ್ತೆ. ‘ಫ್ರೆಶ್ಶಾಗಿ ಹಾಕಿ, ಇಪ್ಪತ್ತು ನಿಮಿಷ ಕಾಯ್ತೀವಿ’ ಅನ್ನಿ, ಮಾಡಿಕೊಡ್ತಾರೆ. ಕಡ್ಲೆಕಾಯಿ ಮಸಾಲೆಯನ್ನು ಮಗ್ಗಿನ ಜೊತೆಗೇ ಹೇಳಬೇಡಿ, ಮಗ್ ಬಂದ ಮೇಲೆ ಹೇಳಿ. ಉಪ್ಪು ಬಿದ್ದ ಕೂಡಲೇ ಈರುಳ್ಳಿ-ಟೊಮೇಟೊ ನೀರು ಬಿಡುತ್ತವೆ, ಹತ್ತು ನಿಮಿಷಕ್ಕೆ ಕಡ್ಲೆ ಮೆತ್ತಗಾಗುತ್ತೆ.

ಬಿಲ್ ಬಂದಾಗ ಎರಡು ಸಾಲು ಓದಿ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರಲ್ಲ, ತಿಂಡಿಗೆ ಮಾತ್ರ 5%. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಗಲ್ಲಾದಲ್ಲಿ ತೋರಿಸಿ, ತಿದ್ದಿಕೊಡಬೇಕು. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ತೆಗೆಯಿರಿ ಅನ್ನಬಹುದು. ಟಿಪ್ಸನ್ನು ಮಾತ್ರ ರಿಯಾಯಿತಿ ಬಿಲ್ಲಿನ ಮೇಲೆ ಲೆಕ್ಕ ಹಾಕಬೇಡಿ. ಸಪ್ಲೈಯರ್ ಹೊತ್ತು ತಂದದ್ದು ಎರಡು ಮಗ್, ದುಡ್ಡು ಬಿದ್ದದ್ದು ಒಂದಕ್ಕೆ.

ಗಾಡಿ ಮನೆಯಲ್ಲೇ ಇರಲಿ. ಗಾಡಿ ಓಡಿಸೋಕೆ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಎರಡು ಮಗ್ಗಿಗೇ ಅದು ದಾಟಬಹುದು; ಮೊದಲ ಸಲ ಸಿಕ್ಕಿಬಿದ್ದರೆ ದಂಡ 10,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಬ್ರಿಗೇಡ್ ರೋಡ್ ಕಡೆಯಾದರೆ ಎಂ.ಜಿ. ರೋಡ್ ಮೆಟ್ರೋ ನಡೆಯುವಷ್ಟು ದೂರದಲ್ಲಿದೆ. ಅಕ್ಟೋಬರ್ 2ಕ್ಕೂ, ಮತದಾನ ಮುಗಿಯುವ ಮುಂಚಿನ 48 ಗಂಟೆಗೂ ಪ್ಲಾನ್ ಹಾಕಬೇಡಿ, ಶಟರ್ ಎಳೆದಿರುತ್ತೆ.