ಬಾಯಿ ಮಡಿಸೋ ಮಿಷನ್

ಮೊನ್ನೆ ಮೂಡಿಗೆರೆ ಕಡೆಯ ಒಂದು ತೋಟದ ಮನೆಗೆ ಊಟಕ್ಕೆ ಹೋಗಿದ್ದೆ. ಆ ಮನೆಯ ಸೊಸೆ ಅಟ್ಟದಿಂದ ಒಂದು ಕಬ್ಬಿಣದ ಸಾಮಾನು ಇಳಿಸಿ ತಂದಳು. "ಅಕ್ಕಾ, ಇದು ಖೀಮಾ ಮಾಡೋ ಮಿಷನ್ ಅಲ್ವಾ? ಬಾಯಿ ಯಾಕೆ ಇಷ್ಟು ಸಣ್ಣ?" ಅಂತ ಕೇಳಿದಳು. ನನಗೆ ದೂರದಿಂದಲೇ ಗೊತ್ತಾಗಿತ್ತು. ಮೇಜಿನ ಅಂಚಿಗೆ ಬಿಗಿಯುವ ತಿರುಪು, ಪಕ್ಕಕ್ಕೊಂದು ಹಿಡಿ, ಮುಂದೆ ಬಟ್ಟಲಿನಂಥ ಪುಟ್ಟ ತಲೆ. ಅದು ಹನ್ನೆರಡು ಬೋರಿನ ಕೋವಿಯ ತೋಟಾಕ್ಕೆ ಬಾಯಿ ಮಡಿಸುವ ಯಂತ್ರ. ಇಂಥವನ್ನು ಬರೆದಿಡುವ ನನ್ನ ನೋಟುಬುಕ್ಕಿನಲ್ಲಿ ಹನ್ನೊಂದನೆಯದು.

ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗೆಲ್ಲ ತೋಟಾ ಅಂದರೆ ಒಂದು ಕಾಗದದ ಕೊಳವೆ, ಬುಡಕ್ಕೆ ಹಿತ್ತಾಳೆಯ ಟೊಪ್ಪಿ. ಈಡು ಹೊಡೆದ ಮೇಲೆ ಖಾಲಿ ಕೊಳವೆಯನ್ನು ಬಿಸಾಡುತ್ತಿರಲಿಲ್ಲ. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಸುಟ್ಟಿರುತ್ತದಲ್ಲ, ಅದನ್ನು ಕಿತ್ತು, ಹೊಸದು ಕೂರಿಸಿ, ಮತ್ತೆ ತುಂಬುತ್ತಿದ್ದರು. ಕೊನೆಗೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಚೆಲ್ಲದ ಹಾಗೆ ಮೇಲೊಂದು ತೆಳು ರಟ್ಟಿನ ಬಿಲ್ಲೆ ಇಟ್ಟು, ಕೊಳವೆಯ ಬಾಯಿಯನ್ನು ಒಳಮುಖವಾಗಿ ಸುರುಳಿ ಸುತ್ತಬೇಕು. ಈ ಯಂತ್ರಕ್ಕೆ ಅದೊಂದೇ ಕೆಲಸ.

ನಮ್ಮ ಅಜ್ಜಯ್ಯ ಅದನ್ನು ಮಾಡುತ್ತಿದ್ದದ್ದು ಮಳೆಗಾಲದ ಸಂಜೆಗಳಲ್ಲಿ. 1964ರಲ್ಲಿ ನನಗೆ ಎಂಟು ವರ್ಷ. ಮಸಿ (ಕೋವಿಯ ಮದ್ದಿನ ಪುಡಿ), ಕೇಪು ಇರುವ ಕಡೆ ಮಕ್ಕಳು ಸುಳಿಯುವ ಹಾಗಿರಲಿಲ್ಲ. ಅದೆಲ್ಲ ಎತ್ತಿಟ್ಟ ಮೇಲೆ ಹಿಡಿ ತಿರುಗಿಸಲು ನನ್ನನ್ನು ಕರೆಯುತ್ತಿದ್ದರು. ತಲೆಯ ಒಳಗೆ ಸಣ್ಣ ಸಣ್ಣ ಕಡ್ಡಿಗಳಿವೆ. ತಿರುಗಿಸಿದರೆ ಅವು ಕಾಗದದ ಅಂಚನ್ನು ಸವರುತ್ತಾ ಒಳಕ್ಕೆ ಬಾಗಿಸುತ್ತವೆ. ಅಜ್ಜಯ್ಯ ಸನ್ನೆಕೋಲಿನಿಂದ ತೋಟಾವನ್ನು ಮೆಲ್ಲಗೆ ಮುಂದಕ್ಕೆ ಒತ್ತುತ್ತಿದ್ದರು. ಮೊದಲ ಸುತ್ತಿಗೆ ಹಿಡಿ ಸಲೀಸು. ಎರಡನೆಯದಕ್ಕೆ ಸ್ವಲ್ಪ ಭಾರ. ಮೂರನೆಯದಕ್ಕೆ ಕಾಗದ ಬಿಸಿಯಾಗಿ ಮೇಣದ ವಾಸನೆ ಬರುತ್ತಿತ್ತು. ಆಗ ಅವರು, "ಸಾಕು ಮಾರಾಯ್ತಿ, ನಾಲ್ಕನೇದು ಹಾಕಬೇಡ, ಹರಿದುಹೋಗ್ತದೆ" ಅನ್ನುತ್ತಿದ್ದರು. ಹೊರಗೆ ತೆಗೆದರೆ ಸೀರೆಯ ಅಂಚು ಮಡಿಸಿದಷ್ಟು ನೀಟಾದ ಉಂಗುರ. ನಡುವೆ ರಟ್ಟಿನ ಮೇಲೆ ಚರೆಯ ಗಾತ್ರದ ನಂಬರು ಕಾಣುತ್ತಿತ್ತು, 4 ಅಂತಲೋ 6 ಅಂತಲೋ. ನಮ್ಮ ಕಡೆಯ ಮಳೆ ಗೊತ್ತಲ್ಲ, ಥಂಡಿ ಹಿಡಿದರೆ ಕಾಗದ ಉಬ್ಬಿ ತೋಟಾ ಕೋವಿಯ ನಳಿಗೆಗೆ ಇಳಿಯುವುದೇ ಇಲ್ಲ. ಅದಕ್ಕೇ ಎಲ್ಲವೂ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹೋಗುತ್ತಿತ್ತು.

ನನಗೆ ಕೋವಿಯ ಮೇಲೆ ಯಾವತ್ತೂ ಆಸೆ ಹುಟ್ಟಲಿಲ್ಲ. ಆಸೆ ಈ ಹಿಡಿಯ ಮೇಲೆ.

ನಾನು ನೋಡಿದ ಯಂತ್ರಗಳಲ್ಲಿ ಹೆಸರು ಉಳಿದಿರುವವೆಲ್ಲ ಇಂಗ್ಲೆಂಡಿನವು. ಶೆಫೀಲ್ಡಿನ ಜೇಮ್ಸ್ ಡಿಕ್ಸನ್, ಹಾಕ್ಸ್‌ಲಿ ಇಂಥವರು ಬಾಯಿ ಮಡಿಸುವ ಯಂತ್ರದ ಜೊತೆಗೆ ಮಸಿ, ಚರೆ ಅಳೆಯುವ ಹಿತ್ತಾಳೆಯ ಅಳತೆ ಬಟ್ಟಲುಗಳನ್ನೂ ಮಾಡುತ್ತಿದ್ದರು. ಅಮೆರಿಕದಲ್ಲಿ ಇದರ ಬಳಗವೇ ಬೇರೆ. 1884ರಲ್ಲಿ ಜಾನ್ ಬಾರ್ಲೋ ಶುರು ಮಾಡಿದ ಐಡಿಯಲ್ ಕಂಪನಿಯ ತೋಟಾ ತುಂಬುವ ಕೈ ಉಪಕರಣ ನೋಡಿದರೆ ನಮ್ಮ ಅಡಕೆ ಕತ್ತರಿಯೇ ಅನ್ನಬೇಕು. ಆ ಕಂಪನಿಯನ್ನು 1925ರಲ್ಲಿ ಲೈಮನ್ ಅನ್ನುವ ಇನ್ನೊಂದು ಕಂಪನಿಯವರು ಕೊಂಡರು. ಆಮೇಲೆ ಆರ್‌ಸಿಬಿಎಸ್‌ನಂಥ ಕಂಪನಿಗಳ ದಪ್ಪ ಎರಕದ ಪ್ರೆಸ್ಸುಗಳು ಬಂದವು. ಅಷ್ಟು ದಪ್ಪ ಯಾಕೆ ಅಂದರೆ, ರೈಫಲ್ಲಿನ ಹಿತ್ತಾಳೆ ಕೊಳವೆ ಗುಂಡು ಹಾರಿದಾಗ ಹಿಗ್ಗುತ್ತದೆ. ಅದನ್ನು ಅಚ್ಚಿನೊಳಗೆ ತಳ್ಳಿ ಮೊದಲಿನ ಅಳತೆಗೆ ತರಬೇಕು, ಅದಕ್ಕೆ ಉದ್ದ ಸನ್ನೆಕೋಲಿನ ಬಲ ಬೇಕು. ಅಲ್ಲಿನವರು ಅವನ್ನು ಬಣ್ಣ ಕೆಡದ ಹಾಗೆ ಸಾಲಾಗಿ ಜೋಡಿಸಿಡುತ್ತಾರೆ. ಚೆಂದವೇ. ಆದರೂ ನನಗೆ ಕಾಗದದ ಜೊತೆ ಹದವಾಗಿ ನಡೆದುಕೊಳ್ಳುವ ಈ ಸಣ್ಣದೇ ಜಾಸ್ತಿ ಇಷ್ಟ.

1960ರ ನಂತರ ಪ್ಲಾಸ್ಟಿಕ್ ತೋಟಾ ಬಂತು. ಅದರ ಬಾಯಿಯನ್ನು ನಕ್ಷತ್ರದ ಹಾಗೆ ಮಡಿಕೆ ಮಡಿಕೆಯಾಗಿ ಮುಚ್ಚುತ್ತಾರೆ, ರಟ್ಟಿನ ಬಿಲ್ಲೆ ಬೇಡವೇ ಬೇಡ. ಹಾಗೆ ಈ ಯಂತ್ರಗಳು ಅಟ್ಟ ಸೇರಿದವು. ಅಟ್ಟದಿಂದ ಗುಜರಿಗೆ, ಕೆಜಿ ಲೆಕ್ಕದಲ್ಲಿ. ಒಂದು ಮನೆಯಲ್ಲಂತೂ ಹೆಸರಿನ ಅಕ್ಷರಗಳ ಮೇಲೆಯೇ ಗ್ರೈಂಡರ್ ಆಡಿಸಿ, ಬೆಳ್ಳಿ ಬಣ್ಣ ಬಳಿದು ಟಿವಿ ಪಕ್ಕ ಇಟ್ಟಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ. ಅದಕ್ಕೂ ಮೊದಲು ನಾನೇ ಅಜ್ಜಯ್ಯನ ಅಳತೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ನೂರು ವರ್ಷದ ಕಂದು ಬಣ್ಣ ಹತ್ತು ನಿಮಿಷಕ್ಕೆ ಹೋಯಿತು. ಆ ಬೇಸರ ಇನ್ನೂ ಇದೆ. ಈಗ ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು, ಹೊಲಿಗೆ ಮಿಷನ್ನಿನ ಎಣ್ಣೆ, ಅಷ್ಟೇ. ಕೊಬ್ಬರಿ ಎಣ್ಣೆ ಹಾಕಬೇಡಿ, ಅಂಟು ಕಟ್ಟುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡು ಅನ್ನುವ ಪದದ ಅರ್ಥದೊಳಗೇ ಬರುತ್ತದೆ. ಕೊಡಗಿನಲ್ಲಿ ಕೊಡವರೇ ಮೊದಲಾದವರಿಗೆ ಕೋವಿ ಲೈಸೆನ್ಸಿನಲ್ಲಿ ಇರುವ ವಿನಾಯಿತಿ ನಮ್ಮ ಜಿಲ್ಲೆಗೆ ಇಲ್ಲ. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಯನ್ನೂ ಠಾಣೆಗೆ ಹೊತ್ತುಕೊಂಡು ಹೋಗುವವರು ನಾವು. ಹಾಗಾಗಿ ಹಳೇ ಕಬ್ಬಿಣ ತಾನೇ ಅಂತ ಸುಮ್ನೆ ಕೊಂಡು ತರಬೇಡಿ. ನಾನು ವಕೀಲರನ್ನು ಕೇಳಿದ ದಿನವೇ ಕೊಳ್ಳುವುದನ್ನು ನಿಲ್ಲಿಸಿದೆ. ಅಜ್ಜಯ್ಯನದು ಲೈಸೆನ್ಸ್ ಇರುವ ಅಣ್ಣನ ಹತ್ತಿರ ಇದೆ, ಫೋಟೋ ಸಮೇತ ಠಾಣೆಗೆ ಬರೆದು ಕೊಟ್ಟಿದ್ದೇವೆ. ಉಳಿದವನ್ನು ನೋಟುಬುಕ್ಕಿನಲ್ಲೇ ಕೂಡಿಡುತ್ತೇನೆ. ಒಂದೊಂದಕ್ಕೂ ನಾಲ್ಕು ಪುಟ. ಅಳತೆ, ಚಿತ್ರ, ಹಿಡಿಯ ಮರ ಯಾವುದು, ಆ ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು. ನಮ್ಮಲ್ಲಿ 'ಬಾಯಿ ಮಡಿಸೋ ಮಿಷನ್', ಇನ್ನೊಂದು ಮನೆಯಲ್ಲಿ 'ದೊರೆ ಮಿಷನ್'. ಕೊಳ್ಳುವ ಹಾಗಿಲ್ಲವಲ್ಲ ಅಂತ ಮೊದಲು ಬೇಜಾರಾಗಿತ್ತು. ಈಗ ಇದೇ ಸರಿ ಅನಿಸುತ್ತದೆ. ಯಂತ್ರ ಅದರ ಮನೆಯಲ್ಲೇ ಇರುತ್ತದೆ, ಆ ಮನೆಯವರಿಗೂ ಅದು ಏನೆಂದು ಗೊತ್ತಾಗುತ್ತದೆ.

ಮೊನ್ನೆಯದಕ್ಕೆ ಆ ಹುಡುಗಿಯೇ ಎಣ್ಣೆ ಬಿಟ್ಟಳು. ಮೊದಲು ಹಿಡಿ ಜಗ್ಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿದರೆ ಕಿರ್ರೆಂದು ಬಂತು. ತಲೆಯ ಒಳಗೆ ಬ್ರಷ್ಷು ಆಡಿಸಿದಾಗ ಕಡ್ಡಿಗಳ ಸಂದಿಯಿಂದ ಉಗುರಿನಷ್ಟು ನೀಲಿ ಕಾಗದದ ಚೂರು ಉದುರಿತು. ಒಂದು ಬದಿ ಸುರುಳಿ ಸುತ್ತಿದೆ, ಇನ್ನೊಂದು ಬದಿ ಹರಿದಿದೆ. ಆ ಮನೆಯಲ್ಲಿ ಯಾರೋ ನಾಲ್ಕನೇ ಸುತ್ತು ಹಾಕಿದ್ದಾರೆ. ಅದನ್ನು ಒಂದು ಸಣ್ಣ ಲಕೋಟೆಗೆ ಹಾಕಿ, ಯಂತ್ರದ ಹಿಡಿಗೆ ಕಟ್ಟಿ ಬಂದೆ.