ಎರಡು ವರ್ಷದೊಳಗಿನ ಕೂಸು: ಪುಣೆಯ ಲೇಬರ್ ಕ್ಯಾಂಪಿನಲ್ಲಿ ಅಳತೆ, ಅಂಬಲಿ, ಆಟ

ಹಿಂಜವಡಿ, ವಾಕಡ್, ಪುನಾವಳೆ, ವಾಘೋಲಿ ಕಡೆಯ ಕಟ್ಟಡದ ಸೈಟುಗಳಲ್ಲಿ ಸಳಿ (ಕಬ್ಬಿಣದ ಸರಳು) ಕಟ್ಟುವವರು, ಸಿಮೆಂಟು ಕಲಸುವವರು, ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿ ಬಹಳ. ಅವರ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರಗಳಲ್ಲಿ (ಕೂಸಿನ ಮನೆಗಳಲ್ಲಿ), ಅಂಗನವಾಡಿಗಳಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾನೂನು ಹೇಳುತ್ತಿತ್ತು. ಕೋಣೆ ಸಿಕ್ಕ ಮೇಲೆ ಅದರೊಳಗೆ ಯಾರು ಬರುತ್ತಾರೆ, ಯಾರು ಹೊರಗೇ ಉಳಿಯುತ್ತಾರೆ ಎಂಬುದು ಮುಂದಿನ ಪ್ರಶ್ನೆ.

ಮಧ್ಯಾಹ್ನ ತಾಟು ಹಿಡಿದು ಸಾಲಾಗಿ ಕೂರುವವರು ಮೂರರಿಂದ ಆರು ವರ್ಷದವರು. ಗಮನವೆಲ್ಲ ಅವರ ಕಡೆಗೇ ಹೋಗುತ್ತದೆ. ಅವರು ಕೇಳಿ ತಿನ್ನುತ್ತಾರೆ, ಹಾಡು ಹೇಳುತ್ತಾರೆ, ಜಗಳ ಆಡುತ್ತಾರೆ. ಆ ಊಟದಿಂದ ಎಲ್ಲರಿಗಿಂತ ಹೆಚ್ಚು ಲಾಭ ಆಗಬೇಕಾದ ಕೂಸು ಆ ಸಾಲಿನಲ್ಲೇ ಇರುವುದಿಲ್ಲ. ಅದು ತಗಡಿನ ಖೋಲಿಯಲ್ಲಿ ಸೀರೆಯ ಜೋಳಿಗೆಯೊಳಗೆ ಮಲಗಿರುತ್ತದೆ, ಇಲ್ಲವೇ ಎಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ. ಹೊಸ ಕ್ಯಾಂಪಿಗೆ ಹೋದಾಗ ಮೊದಲು ಖೋಲಿ ಖೋಲಿ ತಿರುಗಿ ಎರಡು ವರ್ಷದೊಳಗಿನವರ ಮತ್ತು ಬಸುರಿಯರ ಪಟ್ಟಿ ಮಾಡಿ. ಊಟದ ಸಾಲು ಆಮೇಲೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹುಟ್ಟುವಾಗ ಕೂಸಿನ ಮಿದುಳು ದೊಡ್ಡವರ ಮಿದುಳಿನ ಕಾಲುಭಾಗದಷ್ಟು ತೂಗುತ್ತದೆ. ಎರಡು ವರ್ಷಕ್ಕೆ ಅದು ನೂರಕ್ಕೆ ಸುಮಾರು 80 ಪಾಲು ಮುಟ್ಟಿರುತ್ತದೆ. ಮೈಯೂ ಹಾಗೆಯೇ. ಸುಮಾರು 50 ಸೆಂ.ಮೀ. ಉದ್ದ ಹುಟ್ಟಿದ ಕೂಸು ಮೊದಲ ವರ್ಷ 25 ಸೆಂ.ಮೀ., ಎರಡನೇ ವರ್ಷ 12 ಸೆಂ.ಮೀ. ಬೆಳೆಯುತ್ತದೆ. ಅಷ್ಟು ವೇಗದ ಬೆಳವಣಿಗೆ ಮುಂದೆಂದೂ ಇಲ್ಲ. ಈ ಹೊತ್ತಿನಲ್ಲಿ ಹೊಟ್ಟೆಗೆ ಸಾಲದಿದ್ದರೆ, ಮೇಲಿಂದ ಮೇಲೆ ಭೇದಿ, ಜ್ವರ ಬಂದರೆ, ಮೈ ಮೊದಲು ಜೀವ ಉಳಿಸಿಕೊಳ್ಳುತ್ತದೆ. ಲಿವರ್ ಮಾಡುವ ಐಜಿಎಫ್-1 ಎಂಬ ಹಾರ್ಮೋನು ಇಳಿಯುತ್ತದೆ, ಎಲುಬಿನ ತುದಿಯ ಮೃದ್ವಸ್ಥಿ ಬೆಳೆಯುವುದು ನಿಧಾನವಾಗುತ್ತದೆ. ಮಿದುಳಿನಲ್ಲಿ ನರಗಳಿಗೆ ಹೊದಿಕೆ ಕಟ್ಟುವ ಕೆಲಸ, ನೆನಪಿನ ಭಾಗವಾದ ಹಿಪೊಕ್ಯಾಂಪಸ್ ರೂಪುಗೊಳ್ಳುವ ಕೆಲಸ ಇವೇ ತಿಂಗಳುಗಳಲ್ಲಿ ನಡೆಯುತ್ತವೆ. ಇವೆರಡಕ್ಕೂ ಕಬ್ಬಿಣಾಂಶ ಬೇಕು. ಎಳೆತನದಲ್ಲಿ ರಕ್ತಹೀನತೆ ತೀವ್ರವಾಗಿದ್ದ ಕೋಸ್ಟರಿಕಾದ ಮಕ್ಕಳನ್ನು 19 ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಆಗಲೇ ಔಷಧಿ ಕೊಟ್ಟಿದ್ದರೂ ಕಲಿಕೆಯ ಪರೀಕ್ಷೆಗಳಲ್ಲಿ ಅವರು ಹಿಂದೆಯೇ ಉಳಿದಿದ್ದರು.

ಗ್ವಾಟೆಮಾಲಾದ ನಾಲ್ಕು ಹಳ್ಳಿಗಳ ಪ್ರಯೋಗವನ್ನೂ ತಿಳಿದಿರಬೇಕು. 1969ರಿಂದ 1977ರವರೆಗೆ ಎರಡು ಹಳ್ಳಿಗಳಲ್ಲಿ ಪ್ರೋಟೀನು ತುಂಬಿದ ಅಂಬಲಿ, ಇನ್ನೆರಡರಲ್ಲಿ ಪ್ರೋಟೀನಿಲ್ಲದ ಸಿಹಿ ಪಾನಕ ಕೊಟ್ಟರು. ಮೂರು ವರ್ಷ ತುಂಬುವ ಮೊದಲು ಅಂಬಲಿ ಕುಡಿದ ಹೆಣ್ಣುಮಕ್ಕಳು ಶಾಲೆಯಲ್ಲಿ ಒಂದು ತರಗತಿಗಿಂತ ಹೆಚ್ಚು ಮುಂದೆ ಓದಿದರು. ಹಾಗೆ ಅಂಬಲಿ ಕುಡಿದ ಗಂಡುಮಕ್ಕಳು ದೊಡ್ಡವರಾದಾಗ ಅವರ ಗಂಟೆಯ ಗಳಿಕೆ, ಪಾನಕ ಕುಡಿದವರಿಗಿಂತ ನೂರಕ್ಕೆ 46 ಪಾಲು ಹೆಚ್ಚಿತ್ತು. ಮೂರು ವರ್ಷದ ನಂತರ ಕುಡಿದವರಲ್ಲಿ ಆ ಫಲ ಕಾಣಲಿಲ್ಲ.

ಇದೇ ಪುಣೆಯಲ್ಲಿ, ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ನಿಕ್ ಅವರ ತಂಡ 1993ರಿಂದ ಸುತ್ತಲಿನ ಆರು ಹಳ್ಳಿಗಳ ತಾಯಿ-ಮಕ್ಕಳನ್ನು ಅಧ್ಯಯನ ಮಾಡಿಕೊಂಡು ಬಂದಿದೆ. ಬಸುರಿನಲ್ಲಿ ಬಿ12 ಜೀವಸತ್ವ ಕಡಿಮೆ ಇದ್ದ ತಾಯಂದಿರ ಮಕ್ಕಳು ಒಂಬತ್ತನೇ ವಯಸ್ಸಿನಲ್ಲಿ, ಒಂದೇ ಕಡೆ ಗಮನ ಹಿಡಿಯುವ ಮತ್ತು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ನಗರಪಾಲಿಕೆಯ ಮರಾಠಿ ಶಾಲೆಗೆ ಹೋಗುವ ನಮ್ಮ ಕಡೆಯ ಹುಡುಗ ಫಲಕ ನೋಡಿ ಬರೆಯುವಷ್ಟರಲ್ಲಿ ಮರೆತರೆ, “ಭಾಷೆ ತಿಳಿಯಲ್ಲ” ಎಂದು ಬಿಡುತ್ತಾರೆ. ಭಾಷೆಯ ತೊಡಕು ಇದ್ದೇ ಇದೆ. ಆದರೆ ಅವನದೇ ಭಾಷೆಯಲ್ಲಿ ನಾಲ್ಕು ಅಂಕಿ ಹೇಳಿ, ತಿರುಗಿ ಹೇಳಿಸಿ ನೋಡಿ. ತೊಡಕು ಭಾಷೆಯದಷ್ಟೇ ಅಲ್ಲ ಎಂದು ಕೆಲವರಲ್ಲಿ ಗೊತ್ತಾಗುತ್ತದೆ.

ಈಗ ಅಳತೆ. ತಕ್ಕಡಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಕುಂಠಿತವಾದ, ಅಂದರೆ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ, ಮೂರು ವರ್ಷದ ಮಗು ಚೆನ್ನಾಗಿರುವ ಎರಡು ವರ್ಷದ ಮಗುವಿನಂತೆಯೇ ಕಾಣುತ್ತದೆ, ಗಲ್ಲ ತುಂಬಿಕೊಂಡೇ ಇರುತ್ತದೆ. ಎತ್ತರಕ್ಕೆ ತಕ್ಕ ತೂಕವೂ ಸರಿ ಬರುತ್ತದೆ. ವಯಸ್ಸಿಗೆ ತಕ್ಕ ಎತ್ತರ ಮಾತ್ರ ನಿಜ ಹೇಳುತ್ತದೆ. ಮಲಗಿಸಿ ಅಳೆಯುವ ಹಲಗೆಯನ್ನು ಸಮತಟ್ಟಾದ ನೆಲದ ಮೇಲಿಡಿ. ಕ್ಯಾಂಪಿನ ನೆಲ ಇಳಿಜಾರಿರುತ್ತದೆ, ಸ್ಲ್ಯಾಬಿನ ಮೇಲೆ ಇಟ್ಟರೆ ಒಳ್ಳೆಯದು. ಜುಟ್ಟು, ಟೋಪಿ, ಕಾಲ್ಗಡಗ ತೆಗೆಸಿ. ಇಬ್ಬರು ಬೇಕೇ ಬೇಕು: ಒಬ್ಬರು ತಲೆಯನ್ನು ಮೇಲಿನ ಹಲಗೆಗೆ ತಾಗಿಸಿ, ಕಣ್ಣು ನೇರ ಆಕಾಶ ನೋಡುವಂತೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ, ಪಾದ ನೆಟ್ಟಗಿಟ್ಟು, ಕೆಳಗಿನ ಹಲಗೆ ಸರಿಸಬೇಕು. ಮಿಲಿಮೀಟರಿನವರೆಗೆ ಓದಿ ಬರೆದು, ಕೂಸನ್ನು ಎತ್ತಿ, ಮತ್ತೆ ಮಲಗಿಸಿ ಅಳೆಯಿರಿ. ಎರಡರ ನಡುವೆ 0.7 ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಎರಡನ್ನೂ ಹೊಡೆದುಹಾಕಿ ಹೊಸದಾಗಿ ಅಳೆಯಿರಿ. ಮಂಡಿ ಮಡಚಿದ್ದರೆ ಸಲೀಸಾಗಿ ಒಂದು ಸೆಂ.ಮೀ. ಹೋಗುತ್ತದೆ, ಅಂದರೆ ಎರಡನೇ ವರ್ಷದ ಒಂದು ತಿಂಗಳ ಬೆಳವಣಿಗೆಯಷ್ಟು. ಅದಕ್ಕೇ ತೂಕ ತಿಂಗಳಿಗೊಮ್ಮೆ, ಉದ್ದ ಮೂರು ತಿಂಗಳಿಗೊಮ್ಮೆ ಸಾಕು. ದರ್ಜಿಯ ಬಟ್ಟೆ ಟೇಪು ಬೇಡ, ಅದು ಹಿಗ್ಗುತ್ತದೆ.

ಅಳತೆಗಿಂತ ಹೆಚ್ಚು ತಪ್ಪುವುದು ವಯಸ್ಸು. ಒಂದು ಲೆಕ್ಕ ನೋಡಿ. ತಾಯಿ “ಎರಡು ವರ್ಷ ಆತ್ರಿ” ಎಂದಳು, ಹೆಣ್ಣು ಕೂಸು ಮಲಗಿಸಿದಾಗ 82 ಸೆಂ.ಮೀ. ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 24 ತಿಂಗಳ ಹುಡುಗಿಗೆ ಕೆಳಗಿನ ಗೆರೆ 80.0, ಹುಡುಗನಿಗೆ 81.7. ಹಾಗಾಗಿ ಪಾಸು. ಈಗ ತಾಯಿಯನ್ನು ಬೇರೆ ರೀತಿ ಕೇಳಿ: ಯಾವ ನಾಗರ ಪಂಚಮಿ ಹೊತ್ತಿಗೆ ಹೊಟ್ಟೆಯಲ್ಲಿತ್ತು? ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಮಡಿಲಲ್ಲಿತ್ತೋ, ಅಂಬೆಗಾಲಿಡುತ್ತಿತ್ತೋ? ಕಾರ ಹುಣ್ಣಿಮೆ ಎಷ್ಟು ಕಳೆದವು? ಹೀಗೆ ಲೆಕ್ಕ ಹಾಕಿದಾಗ ವಯಸ್ಸು 30 ತಿಂಗಳು ಎಂದು ತೇಲಿತು. ಎರಡು ದಾಟಿದವರನ್ನು ನಿಲ್ಲಿಸಿ ಅಳೆಯಬೇಕು, ಮಲಗಿಸಿ ಅಳೆದಿದ್ದರೆ 0.7 ಕಳೆಯಬೇಕು. ಆಗ 81.3. ಆ ವಯಸ್ಸಿನ ಗೆರೆ 83.6. ಅದೇ ಕೂಸು, ಎರಡು ಸೆಂ.ಮೀ.ಗಿಂತ ಹೆಚ್ಚು ಕೆಳಗೆ. ನಾಲ್ಕೈದು ಹಬ್ಬ, ಊರಿನ ಜಾತ್ರೆ, ಬಿತ್ತನೆ, ಕಟಾವು ಬರೆದ ಎರಡೂವರೆ ವರ್ಷದ ಕ್ಯಾಲೆಂಡರನ್ನು ಗೋಡೆಗೆ ಅಂಟಿಸಿ. ತಾಯಿ ಕಾರ್ಡಿನಲ್ಲಿ ತಾರೀಖಿದ್ದರೆ ಅದೇ ಕೊನೆಯ ಮಾತು.

“ಅಕ್ಕೋರೆ, ನಮ್ಮ ಮಂದೀನೇ ಗಿಡ್ಡ ಅದಾರ್ರಿ” ಎಂಬ ಮಾತು ಎಲ್ಲ ಕ್ಯಾಂಪಿನಲ್ಲೂ ಬರುತ್ತದೆ. ಈ ಪಟ್ಟಿ ಮಾಡಲು ಆರು ದೇಶಗಳ ಮಕ್ಕಳನ್ನು ಅಳೆದಿದ್ದಾರೆ, ಅವರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಹೊಟ್ಟೆ ತುಂಬ ಉಂಡು, ಕಾಯಿಲೆಯಿಲ್ಲದೆ ಬೆಳೆದ ದೆಹಲಿಯ ಕೂಸು ಐದು ವರ್ಷದವರೆಗೆ ನಾರ್ವೆಯ ಕೂಸಿನಷ್ಟೇ ಬೆಳೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಂಠಿತ ಮಕ್ಕಳು ಕರ್ನಾಟಕದಲ್ಲಿ ನೂರಕ್ಕೆ 35.4, ಮಹಾರಾಷ್ಟ್ರದಲ್ಲಿ 35.2. ಬಿಟ್ಟು ಬಂದ ಊರಲ್ಲೂ, ದುಡಿಯಲು ಬಂದ ಊರಲ್ಲೂ ಮೂರರಲ್ಲಿ ಒಂದು ಕೂಸಿನ ಕತೆ ಇದು. ಇಷ್ಟೊಂದನ್ನು ವಂಶದ ಮೇಲೆ ಹಾಕಿ ಸುಮ್ಮನಿರಲು ಬರುವುದಿಲ್ಲ.

ಊಟದಲ್ಲಿ ಆಗುವ ದೊಡ್ಡ ತಪ್ಪು ನೀರು. ಎಂಟು ಕೆ.ಜಿ. ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿ.ಲೀ. ಬ್ಯಾಳಿ ಕಟ್ಟು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಎದೆಹಾಲಿನ ಜೊತೆಗೆ ಮೇಲಿನ ಊಟದಿಂದ 6-8 ತಿಂಗಳಿಗೆ ದಿನಕ್ಕೆ 200, 9-11 ತಿಂಗಳಿಗೆ 300, ಒಂದರಿಂದ ಎರಡು ವರ್ಷಕ್ಕೆ 550 ಕ್ಯಾಲರಿ ಬೇಕು. ಚಮಚ ಓರೆ ಮಾಡಿದರೆ ಊಟ ಹರಿದು ಬೀಳಬಾರದು, ಮೆಲ್ಲಗೆ ಜಾರಬೇಕು. ತಾಯಂದಿರಿಗೆ ಇದನ್ನು ಬಾಯಲ್ಲಿ ಹೇಳಬೇಡಿ, ಅವರ ಕೈಗೇ ಚಮಚ ಕೊಟ್ಟು ಓರೆ ಮಾಡಿಸಿ.

ಪುಡಿ ಹೀಗೆ: 400 ಗ್ರಾಂ ಜೋಳ ಅಥವಾ ಗೋಧಿ, 100 ಗ್ರಾಂ ಹೆಸರುಬೇಳೆ, 100 ಗ್ರಾಂ ಶೇಂಗಾ. ಬೇರೆ ಬೇರೆ ಹುರಿದು ನುಣ್ಣಗೆ ಬೀಸಿ. ಬೂಸ್ಟು ಹಿಡಿದ, ಸುಕ್ಕುಗಟ್ಟಿದ ಶೇಂಗಾ ಆರಿಸಿ ಎಸೆಯಿರಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಇಡೀ ಕಾಳನ್ನು ಕೂಸಿನ ಬಾಯಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಒಂದು ಸಲಕ್ಕೆ 40 ಗ್ರಾಂ ಪುಡಿ, 200 ಮಿ.ಲೀ. ನೀರು, 10 ಗ್ರಾಂ ಬೆಲ್ಲ, ಇಳಿಸುವಾಗ ಒಂದು ಟೀ ಚಮಚ ಎಣ್ಣೆ. ಸುಮಾರು 240 ಕ್ಯಾಲರಿ. ಇಷ್ಟು ಗಟ್ಟಿ ಇದ್ದರೆ ಎಂಟು ತಿಂಗಳ ಕೂಸು ನುಂಗುವುದಿಲ್ಲ, ಆಗ ಎಲ್ಲರೂ ನೀರು ಬೆರೆಸುತ್ತಾರೆ. ಅದರ ಬದಲು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯೋ ಗೋಧಿಯೋ ಹಿಟ್ಟನ್ನು ಒಂದು ಟೀ ಚಮಚ ಹಾಕಿ. ಕುದಿಯುವಾಗ ಹಾಕಿದರೆ ಅದರ ಗುಣ ಸತ್ತುಹೋಗುತ್ತದೆ. ಇಳಿಸಿ, ಕೊಂಚ ಆರಿದ ಮೇಲೆ ಹಾಕಿ ಕಲಸಿ ಹತ್ತು ನಿಮಿಷ ಬಿಡಿ. ಮೊಳಕೆಯ ಅಮೈಲೇಸ್ ಗಂಜಿಯನ್ನು ಒಡೆದು ತೆಳ್ಳಗೆ ಮಾಡುತ್ತದೆ, ಕಸುವು ಹೋಗುವುದಿಲ್ಲ. ಮತ್ತೊಂದು ಕುದಿ ಬರಿಸಿ ತಿನ್ನಿಸಿ. ಮೊಳಕೆಗೆ ಜೋಳ ಬಳಸಬೇಡಿ, ಅದರ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ತಾಯಿ ಬೆಳಿಗ್ಗೆ ಎಂಟೂವರೆಗೆ ಹೋಗಿ ಸಂಜೆ ಆರಕ್ಕೆ ಬರುತ್ತಾಳೆ. ಹತ್ತಕ್ಕೆ ಅಂಬಲಿ, ಒಂದಕ್ಕೆ ಹಿಸುಕಿದ ಅನ್ನ-ಬ್ಯಾಳಿ ಇಲ್ಲವೇ ರೊಟ್ಟಿ ನೆನೆಸಿ ಕಿವುಚಿದ್ದು, ನಾಲ್ಕಕ್ಕೆ ತತ್ತಿ ಅಥವಾ ಮತ್ತೆ ಅಂಬಲಿ. ಮಧ್ಯಾಹ್ನ ಎದೆಹಾಲಿಗೆ ಬಿಡುವು ಕೊಡುವಂತೆ ಸುಪರ್‌ವೈಸರ್ ಜೊತೆ ಮಾತಾಡಿ, ಮಾತಾಡುತ್ತಲೇ ಇರಿ. ಚಹಾದಲ್ಲಿ ಅದ್ದಿದ ಬಿಸ್ಕೀಟು ಎಲ್ಲ ಖೋಲಿಯಲ್ಲೂ ಇದೆ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಅದನ್ನು ಬಿಡಿಸಲು ಬೈದರೆ ಆಗುವುದಿಲ್ಲ, ಅದೇ ಹೊತ್ತಿಗೆ ತಯಾರಾದ ಬೇರೆ ತಿನಿಸು ಅಕ್ಕನ ಕೈಯಲ್ಲಿರಬೇಕು. ಕಬ್ಬಿಣಾಂಶದ ಸಿರಪ್ 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಭೇದಿಯಾದರೆ ಓಆರ್‌ಎಸ್ ಜೊತೆ ಜಿಂಕ್ 14 ದಿನ, 6 ತಿಂಗಳ ಮೇಲಿನವರಿಗೆ 20 ಮಿ.ಗ್ರಾಂ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಜಿಂಕ್ ನಿಲ್ಲಿಸುವುದು ಎಲ್ಲ ಕಡೆ ಆಗುತ್ತದೆ. ಮಾತ್ರೆ ಪಾಳಣಾಘರದಲ್ಲೇ ಇಟ್ಟುಕೊಂಡು ನಿಮ್ಮ ಕೈಯಿಂದಲೇ ಕೊಡಿ. ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಒತ್ತಿದಾಗ ಗುಳಿ ಬಿದ್ದರೆ, ಅಂಬಲಿ ಕುಡಿಸುತ್ತಾ ಕಾಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ. ಸಿರಪ್ ಸಹ ಅಲ್ಲಿಯವರು ಹೇಳುವವರೆಗೆ ಬೇಡ.

ಊಟ ಒಂದೇ ಸಾಲದು ಎಂದು ತೋರಿಸಿದ್ದು ಜಮೈಕಾ. ಕಿಂಗ್‌ಸ್ಟನ್ನಿನಲ್ಲಿ 129 ಕುಂಠಿತ ಮಕ್ಕಳಲ್ಲಿ ಕೆಲವರಿಗೆ ಹಾಲಿನ ಪುಡಿ, ಕೆಲವರಿಗೆ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿಗೆ ಆಟ ಕಲಿಸುವುದು, ಕೆಲವರಿಗೆ ಎರಡೂ, ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ಆಟ ಸಿಕ್ಕವರ ಗಳಿಕೆ, ಸಿಗದವರಿಗಿಂತ ನೂರಕ್ಕೆ 25 ಪಾಲು ಹೆಚ್ಚಿತ್ತು. ಹಾಲಿನ ಪುಡಿ ಮಾತ್ರ ಸಿಕ್ಕವರಲ್ಲಿ ಅಂಥ ಫಲ ಉಳಿಯಲಿಲ್ಲ. ಬಡಕಲಾದ ಕೂಸು ಹಟ ಮಾಡುವುದಿಲ್ಲ, ಏನನ್ನೂ ಹಿಡಿಯಲು ಹೋಗುವುದಿಲ್ಲ. “ಭಾಳ ಶಾಂತ ಐತಿ” ಎಂದು ಮೂಲೆಯಲ್ಲಿ ಮಲಗಿಸುತ್ತಾರೆ, ಯಾರೂ ಮಾತಾಡಿಸುವುದಿಲ್ಲ. ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಬೇಕಾದದ್ದು ಆ ಕೂಸನ್ನೇ. ದಿನಕ್ಕೆ 20 ನಿಮಿಷ, ಸ್ಟೀಲ್ ಬಟ್ಟಲು, ಮುಚ್ಚಳ, ಬಟ್ಟೆಯ ಬೊಂಬೆ ಸಾಕು, ಅದರ ಮನೆಯ ಕನ್ನಡದಲ್ಲಿಯೇ ಮಾತಾಡುತ್ತ. ಎಂಟು ವರ್ಷದ ಅಕ್ಕ ಶಾಲೆಗೆ ಹೋಗಬೇಕಾದವಳು, ಕೂಸನ್ನು ಪಾಳಣಾಘರ ಹಿಡಿದುಕೊಂಡರೆ ಅವಳೂ ಹೋಗುತ್ತಾಳೆ.

ಎರಡು ದಾಟಿದ ಕುಂಠಿತ ಮಕ್ಕಳಿಗೆ ಎತ್ತರ ತರಿಸಲು ಎಣ್ಣೆ, ಸಕ್ಕರೆ ಸುರಿಯಬೇಡಿ. ಅದು ಎತ್ತರವಾಗದೆ ಹೊಟ್ಟೆಯ ಕೊಬ್ಬಾಗುತ್ತದೆ, ಮುಂದೆ ಸಕ್ಕರೆ ಕಾಯಿಲೆಗೆ ದಾರಿ. ಅವರಿಗೆ ತತ್ತಿ, ಹಾಲು, ಬೇಳೆ, ಸೊಪ್ಪು, ಜಂತು ಔಷಧಿ, ಮತ್ತು ಬಹಳ ಮಾತು.

ಬಿತ್ತನೆಗೋ ಜಾತ್ರೆಗೋ ಕುಟುಂಬ ಊರಿಗೆ ಹೊರಟಾಗ ತಾಯಿ ಕಾರ್ಡಿನ ಮೇಲೆ ಹುಟ್ಟಿದ ತಾರೀಖು, ಕೊನೆಯ ಉದ್ದ, ಕೊನೆಯ ತೂಕ ಕನ್ನಡದಲ್ಲಿ ಬರೆದು, ಅಪ್ಪನ ಮೊಬೈಲಿನಲ್ಲಿ ಅದರ ಫೋಟೋ ತೆಗೆಸಿ. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ವಲಸೆ ನಮೂದಿಸಿ, ಆದರೆ ಅದನ್ನಷ್ಟೇ ನಂಬಬೇಡಿ. ಅರ್ಧ ತುಂಬಿದ ಸಿರಪ್ ಬಾಟಲಿ, ಒಂದು ಕೆ.ಜಿ. ಪುಡಿ ಗಂಟಿಗೆ ಹಾಕಿ ಕಳಿಸಿ. ಮೂರು ತಿಂಗಳ ನಂತರ ಅವರು ಬೇರೆ ಸೈಟಿಗೆ ಬಂದಿಳಿದಾಗ, ಅಲ್ಲಿಯ ಪಾಳಣಾಘರದವರು ಆ ಮೂರು ಅಂಕಿಗಳಿಂದಲೇ ಶುರು ಮಾಡಬಹುದು.