ಹಗಲಲ್ಲಿ ಹೊತ್ತಿದ ಶಿಬಿರಾಗ್ನಿ

ಪ್ರಾರ್ಥನೆಗೆ 90 ಸೆಕೆಂಡು, ಧ್ವಜಗೀತೆಗೆ 45, ರಾಷ್ಟ್ರಗೀತೆಗೆ 52. ನಮ್ಮ ಶಾಲೆಯಲ್ಲಿ ಸ್ಕೌಟ್ ಆಗಿದ್ದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಾರೆ. ಕೈಗಡಿಯಾರವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಧ್ವಜಸ್ತಂಭದ ಪಕ್ಕ ನಿಲ್ಲುತ್ತಿದ್ದ ನಮ್ಮ ಸ್ಕೌಟ್ ಮೇಷ್ಟ್ರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಶಾಲೆಯ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿದೆ.

ಎಂಟನೇ ತರಗತಿಗೆ ಅವರು ವಿಜ್ಞಾನ ಹೇಳುತ್ತಿದ್ದರು. ಆ ವಿಜ್ಞಾನದಲ್ಲಿ ಇವತ್ತಿಗೂ ನನ್ನಲ್ಲಿ ಉಳಿದಿರುವುದು ಪೊಟ್ಯಾಶಿಯಂ ಪರ್ಮಾಂಗನೇಟ್ ಒಂದೇ. ಅದು ಉಳಿದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಮೇಷ್ಟ್ರದ್ದು ಒಡಕು ಕಂಠ. ಆದರೂ ಶಿಬಿರದಲ್ಲಿ ಹಾಡಿಸುವವರು ಅವರೇ. ಅವರು ಒಂದು ಸಾಲು ಹೇಳಬೇಕು, ನಾವು ಹಿಂದೆ ಹೇಳಬೇಕು. ಮೂರನೇ ಸಾಲಿಗೆ ನಮ್ಮ ಧ್ವನಿ ಏರುತ್ತಿದ್ದಂತೆ ಅವರು ತಮ್ಮ ಧ್ವನಿಯನ್ನು ಇಳಿಸುತ್ತಿದ್ದರು, ಐದನೇ ಸಾಲಿಗೆ ಬರೀ ತುಟಿ ಆಡಿಸುತ್ತಿದ್ದರು. ‘ಹಾಡು ಹೊತ್ತಿಕೊಂಡ ಮೇಲೆ ಊದಬಾರದು’ ಎನ್ನುತ್ತಿದ್ದರು. ಸ್ಕೌಟ್ ಚಳವಳಿಯನ್ನು ಹುಟ್ಟುಹಾಕಿದ ಬೇಡೆನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ಹುಡುಗರಿಗೆ ಆಫ್ರಿಕಾದ ಒಂದು ಕೂಗುಪದವನ್ನು ಕಲಿಸಿದ ಕತೆಯನ್ನು ಹೇಳಿ, ಅದೂ ನಿಮ್ಮ ಅಜ್ಜಿಯ ಸೋಬಾನೆಯೂ ಒಂದೇ ಜಾತಿ, ಒಬ್ಬರು ಸೊಲ್ಲು ಎತ್ತಬೇಕು, ಊರು ಹಿಡಿದುಕೊಳ್ಳಬೇಕು ಎನ್ನುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿಸಿದವರು ಎಸ್.ಎನ್. ಸುಬ್ಬರಾವ್. ಬೆಂಗಳೂರಿನಲ್ಲಿ ಹುಟ್ಟಿ, 1970ರಲ್ಲಿ ರಾಷ್ಟ್ರೀಯ ಯುವ ಯೋಜನೆಯನ್ನು ಕಟ್ಟಿ, ಖಾಕಿ ಚಡ್ಡಿಯಲ್ಲೇ ದೇಶ ಸುತ್ತಿ ಲಕ್ಷಾಂತರ ಯುವಕರನ್ನು ಹಾಡಿಸಿದ ‘ಭಾಯೀಜಿ’. ಚಂಬಲ್ ಕಣಿವೆಯ ಡಕಾಯಿತರು 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಬಂದೂಕು ಕೆಳಗಿಟ್ಟರಲ್ಲ, ಜೌರಾದ ಆ ಆಶ್ರಮ ಸುಬ್ಬರಾವ್ ಅವರದು. ಮೇಷ್ಟ್ರು ಕಾಲೇಜಿನಲ್ಲಿದ್ದಾಗ ಅವರ ಒಂದು ಶಿಬಿರಕ್ಕೆ ಹೋಗಿ, ಹತ್ತಾರು ಭಾಷೆಯ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದರು. ಆ ಡೈರಿ ಸದಾ ಅವರ ಎಡ ಜೇಬಿನಲ್ಲಿರುತ್ತಿತ್ತು.

ಹಾಡಿಸುವುದರಲ್ಲಿ ಅವರಿಗೆ ಎಷ್ಟೊಂದು ಉಪಾಯಗಳು! ಮೂರು ಗುಂಪು ಮಾಡಿ ಒಂದರ ಹಿಂದೆ ಒಂದು ಗುಂಪು ಅದೇ ಹಾಡನ್ನು ಎತ್ತಿಕೊಳ್ಳುವಂತೆ ಮಾಡುತ್ತಿದ್ದರು. ಒಂದೊಂದು ಸುತ್ತಿಗೆ ಒಂದೊಂದು ಪದವನ್ನು ನುಂಗಿ, ಅದರ ಜಾಗದಲ್ಲಿ ಕೈಸನ್ನೆಯನ್ನಷ್ಟೇ ಮಾಡಿಸುತ್ತಿದ್ದರು. ರಾಜರತ್ನಂ ಅವರ ನಾಯಿಮರಿಯ ಪದ್ಯದಲ್ಲಿ ಅರ್ಧ ವೃತ್ತ ಹುಡುಗನಾಗಿ ಕೇಳಬೇಕು, ಅರ್ಧ ವೃತ್ತ ನಾಯಿಮರಿಯಾಗಿ ಉತ್ತರಿಸಬೇಕು. ಇವೆಲ್ಲದಕ್ಕಿಂತ ನನಗೆ ಇಷ್ಟವಾದದ್ದು ಮಳೆ ಚಪ್ಪಾಳೆ. ಮೊದಲು ಒಂದೇ ಬೆರಳಿನಿಂದ ಎಡ ಅಂಗೈ ಮೇಲೆ ತಟ್ಟುವುದು. ಆಮೇಲೆ ಎರಡು ಬೆರಳು, ಮೂರು, ನಾಲ್ಕು, ಕೊನೆಗೆ ಇಡೀ ಅಂಗೈ. ಮತ್ತೆ ಅದೇ ದಾರಿಯಲ್ಲಿ ಒಂದು ಬೆರಳಿಗೆ ಇಳಿಯುವುದು. ಮಳೆಗೆ ಕಾದು ಕಾದು ಸೋಲುವ ನಮ್ಮ ಬಯಲುಸೀಮೆಯ ಊರಿನಲ್ಲಿ, ಕತ್ತಲಲ್ಲಿ ಕಣ್ಣು ಮುಚ್ಚಿ ಕೂತು, ಐವತ್ತು ಹುಡುಗರು ಹೆಂಚಿನ ಮೇಲೆ ಮಳೆ ಸುರಿಸುತ್ತಿದ್ದೆವು. ಕೊನೆಯ ಹನಿ ನಿಂತ ಮೇಲೆ ಎಷ್ಟೋ ಹೊತ್ತು ಯಾರೂ ಉಸಿರೆತ್ತುತ್ತಿರಲಿಲ್ಲ.

ಈಗ ಪರ್ಮಾಂಗನೇಟಿನ ಕತೆ. 1986ರ ದಸರಾ ರಜೆಯಲ್ಲಿ ಶಾಲೆಯ ಬಯಲಿನಲ್ಲೇ ಮೂರು ದಿನದ ಶಿಬಿರ ನಡೆಯಿತು. ಕೊನೆಯ ರಾತ್ರಿ ಶಿಬಿರಾಗ್ನಿ. ಮುಖ್ಯ ಅತಿಥಿ ಕೈಮುಗಿದು ನಿಂತರೆ ಸಾಕು, ಬೆಂಕಿಕಡ್ಡಿ ಗೀರದೆ ಸೌದೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ವರ್ಷ ಅದನ್ನು ನೋಡಿ ಬೆರಗಾಗಿದ್ದ ನಾವು ಮೂವರು ಈ ಸಲ ಗುಟ್ಟು ತಿಳಿಯಲೇಬೇಕೆಂದು ಹಟ ಹಿಡಿದೆವು. ಮಧ್ಯಾಹ್ನ ಎಲ್ಲರೂ ಗಂಟು ಕಟ್ಟುವ ಅಭ್ಯಾಸದಲ್ಲಿದ್ದಾಗ ಸೌದೆಯ ರಾಶಿಯ ಹತ್ತಿರ ಹೋದೆವು. ಜಾಲಿ ಕಟ್ಟಿಗೆಯ ಸಂದಿಯಲ್ಲಿ ತೆಂಗಿನ ಗರಿ, ಅದರೊಳಗೆ ನೇರಳೆ ಪುಡಿಯ ಕಾಗದ, ಮೇಲೆ ಓರೆಯಾಗಿ ಕಟ್ಟಿದ ಪುಟ್ಟ ಸೀಸೆ, ಸೀಸೆಗೊಂದು ದಾರ. ಪುಡಿ ಪರ್ಮಾಂಗನೇಟ್, ಸೀಸೆಯಲ್ಲಿದ್ದದ್ದು ಗ್ಲಿಸರಿನ್ ಎಂದು ಆಮೇಲೆ ಗೊತ್ತಾಯಿತು. ನಾನು ದಾರ ಎಳೆದೆ.

ಏನೂ ಆಗಲಿಲ್ಲ. ಬಗ್ಗಿ ನೋಡುತ್ತಿದ್ದೆವು. ಇನ್ನೇನು ಎದ್ದು ಹೋಗಬೇಕು, ಅಷ್ಟರಲ್ಲಿ ಪುಡಿಯ ನಡುವಿನಿಂದ ಬಿಳಿ ಹೊಗೆ ಎದ್ದು, ಸುಯ್ಯೆಂದು ನೇರಳೆ ಬಣ್ಣದ ಜ್ವಾಲೆ ಮೇಲೆ ಹಾರಿತು. ಒಣಗಿದ ಗರಿ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು?

ಮೇಷ್ಟ್ರು ಅಡುಗೆಮನೆಯಿಂದ ಓಡಿ ಬಂದರು. ಮೊದಲು ನಮ್ಮ ಆರೂ ಕೈಗಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ, ಹುಬ್ಬು ಕೂದಲುಗಳನ್ನೂ ಮುಟ್ಟಿ ನೋಡಿದರು. ಆಮೇಲೆ ಉರಿಯುತ್ತಿದ್ದ ರಾಶಿಯನ್ನು ನೋಡಿದರು. ನಮಗೆ ಕಾಲು ನಡುಗುತ್ತಿತ್ತು. ಅವರು ಸೀಟಿ ಊದಿ ಎಲ್ಲರನ್ನೂ ಸುತ್ತ ಕೂರಿಸಿ, ‘ಬೆಂಕಿ ಎದ್ದಿದೆ, ಹಾಡಬೇಕು’ ಎಂದರು.

ನಾಲ್ಕು ಗಂಟೆಯ ಸುಡುಬಿಸಿಲಿನಲ್ಲಿ ಶಿಬಿರಾಗ್ನಿ ನಡೆಯಿತು. ಜ್ವಾಲೆ ಆಳೆತ್ತರ ಇದ್ದಾಗ ಕುಣಿತದ ಹಾಡು, ಕೂಗುವ ಹಾಡು. ಕಟ್ಟಿಗೆ ಕುಸಿದಂತೆ ನಿಧಾನದ ಹಾಡು. ಶಿಬಿರದ ಹಾಡನ್ನು ಬೆಂಕಿ ನೋಡಿಕೊಂಡು ಆರಿಸಬೇಕೆಂಬ ಪಾಠವನ್ನು ಅಷ್ಟು ಸ್ಪಷ್ಟವಾಗಿ ನಾವು ಯಾವ ರಾತ್ರಿಯೂ ಕಲಿತಿರಲಿಲ್ಲ. ಕೆಂಡ ಬೂದಿ ಮುಸುಕುವಾಗ ಅವರು ನನ್ನತ್ತ ಬೆರಳು ತೋರಿಸಿ, ‘ದಾರ ಎಳೆದವನು ಕೊನೆಯ ಹಾಡು ಎತ್ತಲಿ’ ಎಂದರು. ಗಂಟಲು ಒಣಗಿತ್ತು. ಭಯದಲ್ಲಿ ತೀರಾ ಕೆಳಗಿನ ಶ್ರುತಿಯಲ್ಲಿ ಹಿಡಿದೆ. ಆದರೆ ಐವತ್ತೂ ಧ್ವನಿಗಳು ಅದಕ್ಕೆ ಸಲೀಸಾಗಿ ಬಂದು ಸೇರಿದವು. ಧ್ವನಿ ಒಡೆಯುತ್ತಿದ್ದ ಹತ್ತನೇ ತರಗತಿಯ ಹುಡುಗರು ಕೂಡ ಆವತ್ತು ಬಾಯಿ ಬಿಟ್ಟು ಹಾಡಿದರು. ರಾತ್ರಿ ಊರಿನವರು ಬಂದಾಗ ನಡುವೆ ಲಾಟೀನು ಇಟ್ಟುಕೊಂಡು ಮತ್ತೊಮ್ಮೆ ಎಲ್ಲ ಹಾಡಿದೆವು.

ಮರುವರ್ಷ ಹರಿಹರದ ಹತ್ತಿರದ ಕೊಂಡಜ್ಜಿಯ ಕೆರೆಯ ಬಳಿ ಶಿಬಿರಕ್ಕೆ ಹೋದಾಗ ನಮ್ಮ ತಂಡವನ್ನು ಹಾಡಿಸಿದವನು ನಾನು. ಅಂದಿನಿಂದ ನಿಲ್ಲಿಸಿಲ್ಲ. ಬ್ಯಾಂಕಿನ ಕೆಲಸದ ನಡುವೆಯೂ ಪ್ರತಿ ಬೇಸಿಗೆ ರಜೆಯಲ್ಲಿ ಯಾವುದಾದರೂ ಮಕ್ಕಳ ಶಿಬಿರಕ್ಕೆ ಹೋಗಿ ಹಾಡಿಸುತ್ತೇನೆ. ಇನ್ನೂರು ಮಕ್ಕಳನ್ನು ಮೈಕಿಲ್ಲದೆ ಹಾಡಿಸಬಲ್ಲೆ, ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಆದರೆ ಈಚೆಗೆ ನೋವಾಗುತ್ತದೆ. ಶಿಬಿರಗಳಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆ ತಂದಿಡುತ್ತಾರೆ. ಮಕ್ಕಳು ಅದರ ಹಾಡಿಗೆ ಕುಣಿಯುತ್ತಾರೆ, ಹಾಡುವುದಿಲ್ಲ. ಚೆನ್ನಾಗಿ ಹಾಡುವ ಇಬ್ಬರನ್ನು ಆರಿಸಿ ಮೈಕು ಕೊಟ್ಟು, ಉಳಿದವರನ್ನು ಕೇಳಲು ಕೂರಿಸುತ್ತಾರೆ. ಶ್ರುತಿ ಸೇರದ ಮಗುವಿಗೂ ತನ್ನ ಧ್ವನಿ ನೂರು ಧ್ವನಿಗಳ ನಡುವೆ ಚೆಂದ ಕೇಳಿಸುವ ಒಂದು ಜಾಗವಿತ್ತು. ಅದನ್ನು ನಾವು ಯಾಕೆ ಕಿತ್ತುಕೊಂಡೆವು? ನಮ್ಮ ಶಾಲೆಯಾದರೂ ವರ್ಷಕ್ಕೊಂದು ರಾತ್ರಿ ಆ ಪೆಟ್ಟಿಗೆಯನ್ನು ಬಂದ್ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಕರೆದರೆ ನಾನು ಬರುತ್ತೇನೆ.

ಹನ್ನೊಂದನೆಯ ದಿನ ಮೇಷ್ಟ್ರ ಮನೆಗೆ ಹೋಗಿದ್ದೆವು. ಅವರ ಮಗಳು ಆ ಡೈರಿಯನ್ನು ತಂದು ಕೊಟ್ಟರು. ಬೆಂಕಿ ಏರುವಾಗಿನ ಹಾಡುಗಳಿಗೆ ಕೆಂಪು ಪೆನ್ಸಿಲಿನ ಗೆರೆ, ಕೆಂಡದ ಹೊತ್ತಿನ ಹಾಡುಗಳಿಗೆ ನೀಲಿ ಗೆರೆ. ಪ್ರತಿ ಶಿಬಿರಾಗ್ನಿಗೂ ಒಂದೊಂದು ಪುಟ. 1986ರ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಇಷ್ಟು ಬರೆದಿದ್ದರು: ‘ಸಂಜೆ 4. ಬೆಂಕಿ ಬೇಗ ಎದ್ದಿತು. ಹಾಡು 11. ಯಾರಿಗೂ ಸುಟ್ಟಿಲ್ಲ.’ ಅದರ ಕೆಳಗೆ ನನ್ನ ಹೆಸರು. ಹೆಸರಿನ ಮುಂದೆ, ‘ಶ್ರುತಿ ಕೆಳಗೆ ಹಿಡಿಯುತ್ತಾನೆ. ಎಲ್ಲರಿಗೂ ಎಟುಕುತ್ತದೆ. ಇವನಿಗೆ ಕಲಿಸಬೇಕು.’